ತಾವೋ ದರ್ಶನ ಮತ್ತು ಇಂಗ್ಲಿಷ್ ನವ್ಯ ಸಾಹಿತ್ಯ

ತಾವೋ ದರ್ಶನವು ಮುಖ್ಯವಾಗಿ ಪ್ರಾಚೀನ ಚೀನಾದ ಎರಡು ಗ್ರಂಥಗಳ ಮೇಲೆ ನಿಂತಿದೆ. ಲಾವೋತ್ಸುವಿನ ಹೆಸರಿನಲ್ಲಿ ಉಳಿದುಬಂದಿರುವ ‘ದಾವ್ ದ ಜಿಂಗ್’ 81 ಪುಟ್ಟ ಅಧ್ಯಾಯಗಳ ಕೃತಿ. ಚುವಾಂಗ್ ತ್ಸುವಿನ ಹೆಸರಿನ ಇನ್ನೊಂದು ಗ್ರಂಥ ಕಥೆ, ಸಂವಾದ, ವಿನೋದಗಳ ಭಂಡಾರ. ಹಟವಿಲ್ಲದೆ ನಡೆಯುವ ಕೆಲಸ, ತನ್ನನ್ನು ಮುಂದುಮಾಡಿಕೊಳ್ಳದ ಬಾಳು, ತಗ್ಗು ಹುಡುಕಿ ಹರಿಯುವ ನೀರು, ಒಳಗೆ ಬರಿದಾಗಿರುವುದರಿಂದಲೇ ಬಳಕೆಗೆ ಬರುವ ಪಾತ್ರೆ ಇವೆಲ್ಲ ಈ ದರ್ಶನದ ಮುಖ್ಯ ಪ್ರತಿಮೆಗಳು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲಿಷಿನಲ್ಲಿ ಬರೆದ ಎಜ್ರಾ ಪೌಂಡ್, ಟಿ.ಎಸ್. ಎಲಿಯಟ್, ಡಬ್ಲ್ಯೂ.ಬಿ. ಯೇಟ್ಸ್, ವರ್ಜೀನಿಯಾ ವುಲ್ಫ್ ಮೊದಲಾದವರ ಬರಹಗಳಲ್ಲಿ ಇವುಗಳಿಗೆ ಹತ್ತಿರವಾದ ಆಲೋಚನೆಗಳನ್ನು ವಿಮರ್ಶಕರು ಗುರುತಿಸಿದ್ದಾರೆ. ಕನ್ನಡದ ಮಟ್ಟಿಗೆ ಈ ಎರಡು ಧಾರೆಗಳು ಒಬ್ಬನೇ ಲೇಖಕನ ಕೈಯಲ್ಲಿ ಕೂಡಿದ್ದು ಯು.ಆರ್. ಅನಂತಮೂರ್ತಿಯವರಲ್ಲಿ.

ತಾವೋ ಗ್ರಂಥಗಳು ಇಂಗ್ಲಿಷಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಹರ್ಬರ್ಟ್ ಜೈಲ್ಸ್ 1889ರಲ್ಲಿ ಚುವಾಂಗ್ ತ್ಸುವನ್ನು ಅನುವಾದಿಸಿದರು. ಮರುವರ್ಷವೇ ಆಸ್ಕರ್ ವೈಲ್ಡ್ ಅದರ ವಿಮರ್ಶೆ ಬರೆದು, ಈ ಋಷಿಯ ಮಾತನ್ನು ತನ್ನ ಕಾಲದ ಇಂಗ್ಲೆಂಡಿನ ಅತಿಯಾದ ಸುಧಾರಣಾ ಉತ್ಸಾಹಕ್ಕೆ ಎದುರಾಗಿ ನಿಲ್ಲಿಸಿದರು. 1891ರಲ್ಲಿ ಜೇಮ್ಸ್ ಲೆಗ್ ಅವರ ಅನುವಾದಗಳು ಪೌರ್ವಾತ್ಯ ಪವಿತ್ರ ಗ್ರಂಥಗಳ ಮಾಲೆಯಲ್ಲಿ ಹೊರಬಂದವು. ಆರ್ಥರ್ ವೇಲಿ 1918ರಲ್ಲಿ ಚೀನೀ ಕವಿತೆಗಳ ಸಂಕಲನವನ್ನೂ 1934ರಲ್ಲಿ ‘ದಾವ್ ದ ಜಿಂಗ್’ ಅನುವಾದವನ್ನೂ ಪ್ರಕಟಿಸಿದರು. ಮೊದಲ ಮಹಾಯುದ್ಧದ ಹೆಣಗಳ ನಡುವೆ ಯುರೋಪಿನ ಪ್ರಗತಿಯ ನಂಬಿಕೆ ಕುಸಿದಿತ್ತು. ಬರ್ಟ್ರಂಡ್ ರಸೆಲ್ ಚೀನಾದಲ್ಲಿ ಪಾಠ ಹೇಳಿ ಬಂದು 1922ರಲ್ಲಿ ಬರೆದ ಪುಸ್ತಕದಲ್ಲಿ ಲಾವೋತ್ಸು, ಚುವಾಂಗ್ ತ್ಸು ಇಬ್ಬರನ್ನೂ ಮನಸಾರೆ ಮೆಚ್ಚಿದ್ದು ಈ ಹಿನ್ನೆಲೆಯಲ್ಲಿ.

ನವ್ಯ ಕಾವ್ಯಕ್ಕೆ ಚೀನಾದ ಬಾಗಿಲು ತೆರೆದವರು ಪೌಂಡ್. ಅಮೆರಿಕದ ಪಂಡಿತ ಅರ್ನೆಸ್ಟ್ ಫೆನೊಲೊಸಾ 1908ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಟಿಪ್ಪಣಿಗಳು ಅವರ ಪತ್ನಿಯ ಮೂಲಕ ಪೌಂಡ್ ಕೈಸೇರಿದವು. ಚೀನೀ ಭಾಷೆ ಬಾರದ ಪೌಂಡ್ ಆ ಟಿಪ್ಪಣಿಗಳಿಂದಲೇ 1915ರಲ್ಲಿ ‘ಕ್ಯಾಥೇ’ ಸಂಕಲನ ಹೊರತಂದರು. ವಿವರಣೆ ಕೊಡದೆ, ಭಾವವನ್ನು ಹೆಸರಿಸದೆ, ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನಡುವಿನ ಖಾಲಿಯನ್ನು ಓದುಗನಿಗೇ ಬಿಡುವ ರೀತಿಗೆ ಅದರಿಂದ ಹೊಸ ಬಲ ಬಂತು. ಆದರೆ ಪೌಂಡ್ ತಾವೋವಾದಿಯಲ್ಲ. ಅವರು ಕನ್‌ಫ್ಯೂಷಿಯಸ್‌ನ ಕಟ್ಟಾ ಅನುಯಾಯಿ. 1940ರಲ್ಲಿ ಬಂದ ಚೀನಾ ಕುರಿತ ‘ಕ್ಯಾಂಟೋ’ ಕವಿತೆಗಳಲ್ಲಿ ತಾವೋ ಸಾಧಕರನ್ನು ರಾಜ್ಯ ಕೆಡಿಸುವವರೆಂದು ಹಳಿದಿದ್ದಾರೆ. ಆದರೂ ‘ಕ್ಯಾಥೇ’ಯಲ್ಲಿ ಅತಿ ಹೆಚ್ಚು ಜಾಗ ಪಡೆದ ಕವಿ ಲೀ ಬಾಯ್, ತಾವೋ ದೀಕ್ಷೆ ಪಡೆದವನು. ಪೌಂಡ್ ತಾತ್ವಿಕವಾಗಿ ತಿರಸ್ಕರಿಸಿದ್ದು ಅವರ ಕಾವ್ಯದೊಳಗೆ ಕಸುಬಿನ ದಾರಿಯಿಂದ ಬಂತು. ಏಳು ಸರೋವರಗಳನ್ನು ಕುರಿತ 49ನೆಯ ‘ಕ್ಯಾಂಟೋ’ದ ನಿಶ್ಚಲತೆ ಇದಕ್ಕೆ ಒಳ್ಳೆಯ ಸಾಕ್ಷಿ.

ಎಲಿಯಟ್ ವಿಷಯದಲ್ಲಿ ಎಚ್ಚರ ಬೇಕು. ಕವಿಯ ವ್ಯಕ್ತಿತ್ವ ಕಾವ್ಯದಲ್ಲಿ ಕರಗಬೇಕು ಎಂಬ 1919ರ ಪ್ರಬಂಧದ ವಾದ, ‘ಬರ್ನ್ಟ್ ನಾರ್ಟನ್’ ಕವಿತೆಯಲ್ಲಿ ಬರುವ ಚೀನೀ ಜಾಡಿ, ಚಲನೆಯ ನಡುವಿನ ಅಚಲ ಬಿಂದು ಇವೆಲ್ಲ ತಾವೋ ಗ್ರಂಥಗಳನ್ನು ನೆನಪಿಸುತ್ತವೆ. ಆದರೆ ಎಲಿಯಟ್ ಹಾರ್ವರ್ಡಿನಲ್ಲಿ ಕಲಿತದ್ದು ಸಂಸ್ಕೃತ ಮತ್ತು ಪತಂಜಲಿ. 1922ರ ‘ದಿ ವೇಸ್ಟ್ ಲ್ಯಾಂಡ್’ ಮುಗಿಯುವುದು ಬೃಹದಾರಣ್ಯಕ ಉಪನಿಷತ್ತಿನ ನೆರಳಿನಲ್ಲಿ. ಇಲ್ಲಿರುವುದು ಸಾಮ್ಯ ಮಾತ್ರ, ಪ್ರಭಾವವೆಂದು ಹೇಳಲು ಆಧಾರ ಸಾಲದು.

ವುಲ್ಫ್ ಅವರ ‘ಟು ದಿ ಲೈಟ್‌ಹೌಸ್’ (1927) ಕಾದಂಬರಿಯ ಚಿತ್ರಕಲಾವಿದೆ ಲಿಲಿ ಬ್ರಿಸ್ಕೊಗೆ ಲೇಖಕಿ ಚೀನೀ ಕಣ್ಣುಗಳನ್ನು ಕೊಟ್ಟಿದ್ದಾರೆ. ಚಿತ್ರಪಟದ ನಡುವಿನ ಖಾಲಿ ಜಾಗವೇ ಅವಳ ಸಮಸ್ಯೆ. ವುಲ್ಫ್ ಅಕ್ಕನ ಮಗ ಜೂಲಿಯನ್ ಬೆಲ್ 1935ರಲ್ಲಿ ವುಹಾನ್ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದದ್ದರಿಂದ ಚೀನೀ ಲೇಖಕಿ ಲಿಂಗ್ ಶುಹುವಾ ಅವರೊಂದಿಗೆ ವುಲ್ಫ್‌ಗೆ ಪತ್ರವ್ಯವಹಾರ ಬೆಳೆಯಿತು. ಆದರೆ ಈ ನಂಟು ಕಾದಂಬರಿ ಬಂದ ಮೇಲಿನದು.

ಅತ್ಯಂತ ರೋಚಕವಾದುದು ಯೇಟ್ಸ್ ಪ್ರಸಂಗ. 1935ರಲ್ಲಿ ಅವರಿಗೆ ಚೀನೀ ಶಿಲ್ಪಿ ಕೆತ್ತಿದ ನೀಲಿ ಕಲ್ಲೊಂದು ಉಡುಗೊರೆಯಾಗಿ ಬಂತು. ಬೆಟ್ಟ ಹತ್ತುವ ಇಬ್ಬರು ಚೀನೀಯರು, ವಾದ್ಯ ಹೊತ್ತ ಸೇವಕ ಅದರ ಮೇಲಿದ್ದರು. ಅದರಿಂದ ಹುಟ್ಟಿದ ‘ಲ್ಯಾಪಿಸ್ ಲಾಜುಲಿ’ ಕವಿತೆ ಯುರೋಪು ಎರಡನೆಯ ಮಹಾಯುದ್ಧದ ಅಂಚಿಗೆ ಬಂದಾಗ ನಾಶದ ನಡುವೆಯೂ ಉಳಿಯುವ ಹರ್ಷದ ಮಾತಾಡುತ್ತದೆ. ಹಲವರು ಇದನ್ನು ತಾವೋ ಕವಿತೆ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಯೇಟ್ಸ್ ಹರ್ಷ ವೀರನದು. ಅದು ಎತ್ತರಕ್ಕೇರಿ ದುರಂತವನ್ನು ಕೆಳಗೆ ನೋಡುತ್ತದೆ. ಲಾವೋತ್ಸುವಿನ ಜ್ಞಾನಿ ಕಣಿವೆಗೆ ಇಳಿಯುತ್ತಾನೆ.

ಕನ್ನಡ ಓದುಗರಿಗೆ ಇದು ಪರದೇಶದ ಕಥೆ ಎನ್ನಿಸಬೇಕಿಲ್ಲ. ಯೇಟ್ಸ್ ಕೊನೆಗಾಲದ ಚಿಂತನೆಯನ್ನು ಪೂರ್ವದ ಕಡೆಯಿಂದ ನೋಡುವ ಕೆಲಸ ನಮ್ಮ ಧಾರವಾಡದಲ್ಲೇ ನಡೆದಿದೆ. ‘ಗಂಗವ್ವ ಗಂಗಾಮಾಯಿ’ ಕಾದಂಬರಿ ಬರೆದ ಶಂಕರ ಮೊಕಾಶಿ ಪುಣೇಕರ ಅವರ ಯೇಟ್ಸ್ ಅಧ್ಯಯನವನ್ನು ಕರ್ನಾಟಕ ವಿಶ್ವವಿದ್ಯಾಲಯ 1966ರಲ್ಲಿ ಪ್ರಕಟಿಸಿತು. ಯೇಟ್ಸ್ ಜೊತೆಗೂಡಿ ಉಪನಿಷತ್ತುಗಳನ್ನು ಇಂಗ್ಲಿಷಿಗೆ ತಂದ ಪುರೋಹಿತ ಸ್ವಾಮಿಯವರ ‘ಅವಧೂತ ಗೀತಾ’ ಅನುವಾದವನ್ನೂ ಪುಣೇಕರರು ಸಂಪಾದಿಸಿದರು. ಪೂರ್ವದ ಗ್ರಂಥವನ್ನು ಪಶ್ಚಿಮದ ಕವಿಯ ಅಲಂಕಾರವಾಗಿ ನೋಡದೆ, ಅವನ ಆಲೋಚನೆಯ ಒಳಗಿನ ಎಳೆಯಾಗಿ ನೋಡಿದ್ದು ಪುಣೇಕರರ ದೊಡ್ಡ ಸಾಧನೆ. ಇಂಗ್ಲಿಷಿನ ಹೊಸ ಕಾವ್ಯವನ್ನು ಕನ್ನಡಕ್ಕೆ ಪರಿಚಯಿಸಿದವರಲ್ಲಿ ಮೊದಲಿಗರಾದ ವಿ.ಕೃ. ಗೋಕಾಕರೂ ಧಾರವಾಡದ ಕರ್ನಾಟಕ ಕಾಲೇಜಿನಿಂದ ಬಂದವರು.

ಅನಂತಮೂರ್ತಿ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ 1966ರಲ್ಲಿ ಪದವಿ ಪಡೆದವರು. ‘ದಾವ್ ದ ಜಿಂಗ್’ ಕೃತಿಯನ್ನು ಅದೇ ಹೆಸರಿನಲ್ಲಿ ಕನ್ನಡಕ್ಕೆ ತಂದವರೂ ಅವರೇ. ಯೇಟ್ಸ್ ಮತ್ತು ರಿಲ್ಕೆಯ ಕವಿತೆಗಳನ್ನೂ ಅನುವಾದಿಸಿದರು. ಅವರ ‘ಸಂಸ್ಕಾರ’ ಕಾದಂಬರಿಯ (1965) ಪ್ರಾಣೇಶಾಚಾರ್ಯರು ಬದುಕನ್ನು ನೇಮದ ಮುಷ್ಟಿಯಲ್ಲಿ ಹಿಡಿದವರು, ಒಂದು ರಾತ್ರಿ ಆ ಹಿಡಿತ ತಪ್ಪಿದ ಮೇಲೆ ಗುರಿಯಿಲ್ಲದೆ ನಡೆಯತೊಡಗುತ್ತಾರೆ. ಈ ನಡಿಗೆಯಲ್ಲಿ ಚುವಾಂಗ್ ತ್ಸುವನ್ನು ಕಾಣಬಹುದಾದರೂ ಲಾವೋತ್ಸುವಿನ ಕನ್ನಡ ಅನುವಾದ ಬಂದದ್ದು ಬಹಳ ತಡವಾಗಿ. ಹಿಡಿತ ಸಡಿಲುವುದರ ಭಯ ಮತ್ತು ಬಿಡುಗಡೆ ಎರಡನ್ನೂ ತಮ್ಮ ಕಥನದಲ್ಲಿ ಅನುಭವಿಸಿದ್ದರಿಂದಲೇ ಮುಂದೆ ಅನಂತಮೂರ್ತಿಗೆ ಲಾವೋತ್ಸು ಬೇಕಾದ ಎಂದು ಊಹಿಸುವುದು ಹೆಚ್ಚು ನ್ಯಾಯ.

ಕನ್ನಡಕ್ಕೆ ಲಾವೋತ್ಸು ಬಂದದ್ದು ಇಂಗ್ಲಿಷಿನ ದಾರಿಯಿಂದ, ನವ್ಯರು ಬಂದ ದಾರಿಯೂ ಅದೇ. ಆದರೆ ಕನ್ನಡ ಓದುಗನಿಗೆ ಇಂಗ್ಲಿಷ್ ಓದುಗನಿಗಿಲ್ಲದ ಒಂದು ಆಸರೆ ಇದೆ. ಬಯಲನ್ನೂ ಶೂನ್ಯವನ್ನೂ ನುಡಿದ, ನುಡಿಯ ಸೋಲನ್ನು ನುಡಿಯಲ್ಲೇ ತೋರಿದ ಅಲ್ಲಮಪ್ರಭು ಹನ್ನೆರಡನೆಯ ಶತಮಾನದಿಂದ ನಮ್ಮ ಭಾಷೆಯಲ್ಲಿದ್ದಾನೆ. ಎರಡು ಪರಂಪರೆಗಳ ನಡುವೆ ವ್ಯತ್ಯಾಸ ದೊಡ್ಡದು: ಅಲ್ಲಮನಿಗೆ ಗುಹೇಶ್ವರನಿದ್ದಾನೆ, ಲಾವೋತ್ಸುವಿಗೆ ಹಾಗೆ ಕರೆಯಲು ಯಾರೂ ಇಲ್ಲ. ಆದರೂ ‘ದಾವ್ ದ ಜಿಂಗ್’ ಕನ್ನಡದಲ್ಲಿ ಓದುವವರು ಎಲಿಯಟ್‌ಗಿಂತ ಮೊದಲು ಅಲ್ಲಮನ ವಚನಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.