ಕೊಳವೆ, ವಜ್ರ, ನೀರು: ಕಾಂಕ್ರೀಟಿನಲ್ಲೊಂದು ದುಂಡು ತೂತಿನ ಕಥೆ

ಫೋಟೋದಲ್ಲಿರೋದು ಕಂಬದ ತುಂಡಲ್ಲ. ಆರ್‌ಸಿಸಿ ಸ್ಲ್ಯಾಬಿನಲ್ಲಿ ಪೈಪ್ ಹಾಯಿಸೋಕೆ ಕೊರೆದಾಗ ಹೊರಬಂದ ತಿರುಳು. ಬದಿಯಲ್ಲಿ ಹೊಳೆಯೋ ಚುಕ್ಕಿ ಕಾಣ್ತಿದೆಯಲ್ಲ, ಅದು ತುಂಡಾದ ಕಂಬಿ. ಜಲ್ಲಿ, ಕಬ್ಬಿಣ ಎರಡನ್ನೂ ಕೊಯ್ಯೋ ಈ ಯಂತ್ರಕ್ಕೆ ಸೈಟಿನಲ್ಲಿ ‘ಕೋರ್ ಕಟಿಂಗ್ ಮೆಷಿನ್’ ಅಂತಾರೆ. ಇದರೊಳಗೆ ಮೂರು ಕಾಲದ ಮೂರು ಯೋಚನೆಗಳಿವೆ.

ಮೊದಲನೆಯದು ಕೊಳವೆ. ಪ್ರಾಚೀನ ಈಜಿಪ್ಟಿನವರು ತಾಮ್ರದ ಕೊಳವೆ ತಿರುಗಿಸಿ, ಕೆಳಗೆ ಮರಳು ಹಾಕಿ ಗ್ರಾನೈಟ್ ಕೊರೆದರು. ಇಡೀ ತೂತನ್ನು ಪುಡಿ ಮಾಡೋದು ಬೇಡ, ಅಂಚಿನ ಬಳೆಯಷ್ಟನ್ನು ಸವೆಸಿದರೆ ಸಾಕು, ನಡುವಿನ ತಿರುಳು ಇಡಿಯಾಗಿ ಬರುತ್ತೆ. ಇಂಥ ತಿರುಳುಗಳ ಬಗ್ಗೆ ಫ್ಲಿಂಡರ್ಸ್ ಪೆಟ್ರಿ 1883ರಲ್ಲೇ ಬರೆದಿದ್ದರು. ಕೊಳವೆಯ ಬಾಯಿಗೆ ರತ್ನಗಳನ್ನು ಕೂರಿಸಿದ್ದರು ಅನ್ನೋದು ಅವರ ಊಹೆ. ತಾಮ್ರ ಮತ್ತು ಮರಳೇ ಸಾಕು ಅಂತ ಆಮೇಲಿನ ಪ್ರಯೋಗಗಳು ತೋರಿಸಿದವು.

ಎರಡನೆಯದು ವಜ್ರ. ಈಜಿಪ್ಟಿನಲ್ಲಿ ಇಲ್ಲದ್ದನ್ನು 1860ರ ದಶಕದಲ್ಲಿ ನಿಜ ಮಾಡಿದವರು ಜಿನೀವಾದ ಗಡಿಯಾರ ಕುಶಲಿ ಜಾರ್ಜ್ ಆಗಸ್ಟ್ ಲೆಶೋ. ಬಂಡೆ ಕೊರೆಯುವ ಕೊಳವೆಯ ತುದಿಗೆ ಕಪ್ಪು ವಜ್ರದ ಚೂರುಗಳನ್ನು ಕೂರಿಸಿದರು. ಒಡವೆಗೆ ಬಾರದ ವಜ್ರ ಗಣಿಗೆ ಬಂತು! 1955ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕೃತಕ ವಜ್ರ ತಯಾರಿಸಿದ್ದಾಗಿ ಪ್ರಕಟಿಸಿತು. ಇಂದು ಕಟ್ಟಡದ ಕೆಲಸಕ್ಕೆ ಬರೋ ಬಿಟ್ಟುಗಳಲ್ಲಿ ಇರೋದು ಹೆಚ್ಚಾಗಿ ಅಂಥದ್ದೇ.

ಮೂರನೆಯದು ನೀರು. ಇದರ ಕಥೆ ಮಾತ್ರ ನೋವಿನದು.

ವಜ್ರದ ಬಿಟ್ಟಿಗೆ ನೀರು ಬೇಕಾಗಿದ್ದು ಬಿಸಿ ತಣಿಸೋಕೆ, ಪುಡಿ ಹೊರಹಾಕೋಕೆ. ಅಂದರೆ ವಜ್ರ ಉಳಿಸೋಕೆ. ಆದರೆ ಗಣಿಗಳಲ್ಲಿ ಬಂಡೆಗೆ ಬಡಿಯುತ್ತಾ ಕೊರೆಯೋ ಗಾಳಿಯಂತ್ರಗಳು ಒಣಗೇ ಓಡುತ್ತಿದ್ದವು. ಅಮೆರಿಕದ ಗಣಿ ಕೆಲಸಗಾರರು ಅವಕ್ಕೆ ಇಟ್ಟ ಹೆಸರು ‘ವಿಧವೆಯರನ್ನು ಮಾಡೋ ಯಂತ್ರ’. ಸಿಲಿಕಾ ಧೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್. ಹಾಳಾದ ಭಾಗವನ್ನು ಸರಿಮಾಡೋ ಔಷಧಿ ಇವತ್ತಿಗೂ ಇಲ್ಲ. 1890ರ ದಶಕದ ಕೊನೆಗೆ ಕೊಲರಾಡೋದ ಜಾರ್ಜ್ ಲೇನರ್ ಟೊಳ್ಳು ಉಳಿಯೊಳಗಿಂದ ನೀರು ಹಾಯಿಸೋ ಯಂತ್ರ ಮಾಡಿದರು. ಉಪಾಯ ಕೈಯಲ್ಲಿದ್ದೂ 1930-31ರಲ್ಲಿ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗದಲ್ಲಿ ಒಣಗೇ ಕೊರೆಸಿದರು. ನೂರಾರು ಜನ ಸತ್ತರು, ಹೆಚ್ಚಿನವರು ಕೆಲಸ ಹುಡುಕಿ ಬಂದಿದ್ದ ಕಪ್ಪುಜನರು. ದೂರದ ಮಾತು ಅನ್ನಬೇಡಿ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ 1940ರ ದಶಕದ ತಪಾಸಣೆಯಲ್ಲಿ ಸಿಲಿಕೋಸಿಸ್ ದೊಡ್ಡ ಪ್ರಮಾಣದಲ್ಲಿ ಕಂಡುಬಂತು.

ಕಾಂಕ್ರೀಟಿನ ಮರಳು, ಜಲ್ಲಿಯಲ್ಲೂ ಅದೇ ಸಿಲಿಕಾ ಇದೆ. ಹಾಗಾಗಿ ‘ನೀರು ಹಾಕಿದ್ರೆ ಮನೆ ಕೊಳೆಯಾಗುತ್ತೆ, ಒಣಗೇ ಹೊಡಿ’ ಅಂತ ಯಾರಾದರೂ ಅಂದರೆ ಈ ಇತಿಹಾಸ ನೆನಪಿಸಿಕೊಳ್ಳಿ. ಕೊರೆದ ಮೇಲೆ ಉಳಿಯೋ ಬೂದು ಕೆಸರನ್ನು ಹಸಿಯಿದ್ದಾಗಲೇ ಬಳಿದು ತೆಗೆಯಿರಿ. ಒಣಗಿದರೆ ಮತ್ತೆ ಅದೇ ಧೂಳು.

ನೀರು ಬಂದ ಕಡೆ ಕರೆಂಟಿನ ಭಯವೂ ಬಂತು. 30 ಮಿಲಿಆಂಪಿಗೆ ಟ್ರಿಪ್ ಆಗೋ ಆರ್‌ಸಿಸಿಬಿ ಇಲ್ಲದೆ ಯಂತ್ರ ಹಚ್ಚಬಾರದು. ಸ್ಟ್ಯಾಂಡನ್ನು ಬೋಲ್ಟ್ ಹಾಕಿ ಬಿಗಿದಿರಬೇಕು. ಬಿಟ್ ಕಂಬಿಗೆ ಸಿಕ್ಕಿಕೊಂಡರೆ ತಿರುಗೋದು ಯಂತ್ರ, ಮುರಿಯೋದು ಕೈ. ಕಂಬಿ ತಾಗಿದಾಗ ವೇಗ ಕುಗ್ಗುತ್ತೆ, ಮೋಟಾರಿನ ಸದ್ದು ಬದಲಾಗುತ್ತೆ. ಆಗ ಒತ್ತಬೇಡಿ, ನಿಧಾನಕ್ಕೆ ಬಿಡಿ. ಯಾವ ಕಂಬಿ ಕತ್ತರಿಸಬಹುದು ಅನ್ನೋದನ್ನು ಮೊದಲೇ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು, ಪ್ಲಂಬರ್ ಅಲ್ಲ. ಬಿಗಿದೆಳೆದ ಕೇಬಲ್ ಇರೋ ಸ್ಲ್ಯಾಬಾದರೆ ಸ್ಕ್ಯಾನ್ ಮಾಡದೆ ಮುಟ್ಟಲೇಬೇಡಿ. ಕೆಳಗಿನ ಮಹಡಿಯಲ್ಲಿ ಜನ ಓಡಾಡದ ಹಾಗೆ ಹಗ್ಗ ಕಟ್ಟಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ಫೋಟೋದ ಈ ತಿರುಳು ತಲೆ ಮೇಲೆ ಬಿದ್ದರೆ ಏನಾಗುತ್ತೆ, ನೀವೇ ಯೋಚಿಸಿ.

ವಜ್ರ ಉಳಿಸೋಕೆ ಬಂದ ನೀರೇ ಮನುಷ್ಯನ ಉಸಿರನ್ನೂ ಉಳಿಸುತ್ತೆ. ನಿಮ್ಮ ಬೀದಿಯ ಸೈಟಿನಲ್ಲಿ ಕೊರೆಯೋವಾಗ ಹರಿಯೋದು ಕೆಸರೋ, ಹಾರೋದು ಧೂಳೋ? ನೋಡಿ ಬಂದು ಕಾಮೆಂಟಿನಲ್ಲಿ ಹೇಳಿ.

#ಕಟ್ಟಡದಕಥೆ #ಕೋರ್‌ಕಟಿಂಗ್ #ಕೆಜಿಎಫ್ #ಕನ್ನಡದಲ್ಲಿಇತಿಹಾಸ