ಅಭಿಜಾತ ಮತ್ತು ಕ್ವಾಂಟಮ್ ಭೌತವಿಜ್ಞಾನ: ಅವಿಭಜಿತ ಕೋಲಾರ ಜಿಲ್ಲೆಯ ನಿದರ್ಶನಗಳು

ಕಣ್ಣಳತೆಗೆ ಸಿಗುವ ವಸ್ತುಗಳ ಚಲನೆ, ಶಾಖ, ಶಬ್ದ, ಬೆಳಕು, ವಿದ್ಯುತ್ತು ಇವುಗಳ ನಿಯಮಗಳನ್ನು ಹೇಳುವುದು ಅಭಿಜಾತ ಭೌತವಿಜ್ಞಾನ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ ಅದಕ್ಕೆ ಬುನಾದಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಕ್ಸ್‌ವೆಲ್ ಕೊಟ್ಟ ವಿದ್ಯುತ್ಕಾಂತ ಸಿದ್ಧಾಂತ ಅದರ ಶಿಖರ. ಪರಮಾಣು ಮತ್ತು ಅದಕ್ಕಿಂತ ಕಿರಿದಾದ ಕಣಗಳ ನಡವಳಿಕೆಯನ್ನು ವಿವರಿಸಲು ಆ ನಿಯಮಗಳು ಸಾಲದೆ ಬಂದಾಗ, 1900ರಿಂದ ಈಚೆಗೆ ರೂಪುಗೊಂಡದ್ದು ಕ್ವಾಂಟಮ್ ಭೌತವಿಜ್ಞಾನ. ಎರಡರ ಮುಖ್ಯ ಕಲ್ಪನೆಗಳನ್ನೂ ದೊಡ್ಡ ಪ್ರಯೋಗಗಳಲ್ಲಿ ದುಡಿಸಿಕೊಂಡ ನೆಲಗಳಲ್ಲಿ ಕೋಲಾರ ಸೀಮೆಯೂ ಒಂದು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ ಚಿನ್ನದ ಗಣಿ ಪ್ರದೇಶ (ಕೆಜಿಎಫ್) ಎಲ್ಲವೂ ಒಂದೇ ಜಿಲ್ಲೆಯೊಳಗಿದ್ದವು. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ನಿಂತು ನೋಡಿದರೆ ಪಡುವಣದ ಗೌರಿಬಿದನೂರಿನಲ್ಲಿ ಅಲೆಗಳನ್ನು ಹಿಡಿಯುವ ಕೇಂದ್ರಗಳಿವೆ. ತೆಂಕಣದ ಚಿನ್ನದ ಗಣಿಯಲ್ಲಿ ಕಣಗಳನ್ನು ಹಿಡಿಯುವ ಪ್ರಯೋಗಶಾಲೆ ಇತ್ತು.

ಅಭಿಜಾತ ಭೌತವಿಜ್ಞಾನದ ಮೊದಲ ಕಲ್ಪನೆ ನಿಶ್ಚಿತತೆ. ಒಂದು ವಸ್ತು ಈಗ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಅದರ ಮೇಲೆ ಯಾವ ಬಲ ಬಿದ್ದಿದೆ ಎಂಬುದು ತಿಳಿದರೆ ಮುಂದೆ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಬಹುದು. ಗ್ರಹಣದ ದಿನವನ್ನು ವರ್ಷಗಳ ಮೊದಲೇ ಹೇಳುವುದು ಹೀಗೆಯೇ. ಎರಡನೆಯದು ಶಕ್ತಿಯ ಸಂರಕ್ಷಣೆ. ಶಕ್ತಿಯನ್ನು ಸೃಷ್ಟಿಸಲಾಗದು, ಇಲ್ಲವಾಗಿಸಲೂ ಆಗದು, ರೂಪವನ್ನಷ್ಟೇ ಬದಲಿಸಬಹುದು. ಇದರ ಕಠಿಣ ಪಾಠ ಈ ಬಯಲುಸೀಮೆಯ ಕೊಳವೆಬಾವಿಗಳಲ್ಲಿ ದಿನವೂ ನಡೆಯುತ್ತಿದೆ. ಸಾವಿರ ಅಡಿ ಆಳದಿಂದ ಸಾವಿರ ಲೀಟರ್ ನೀರೆತ್ತಲು ಬೇಕಾದ ಕನಿಷ್ಠ ಶಕ್ತಿ ಸುಮಾರು 30 ಲಕ್ಷ ಜೌಲ್, ಅಂದರೆ 0.83 ಯೂನಿಟ್ ವಿದ್ಯುತ್. ಮೋಟರಿನ ಕಾವು, ಪೈಪಿನ ತಿಕ್ಕಾಟ ಸೇರಿದರೆ ಇನ್ನೂ ಹೆಚ್ಚು. ನೂರು ಅಡಿಯ ತೆರೆದ ಬಾವಿಯಿಂದಾದರೆ ಇದರ ಹತ್ತರಲ್ಲೊಂದು ಪಾಲು ಸಾಕಿತ್ತು. ನೀರು ಪಾತಾಳಕ್ಕೆ ಇಳಿದಷ್ಟೂ ಬೆಲೆ ಏರುತ್ತದೆ, ಎಂಥ ಒಳ್ಳೆಯ ಪಂಪ್ ತಂದರೂ ಈ ಕನಿಷ್ಠ ಲೆಕ್ಕ ತಪ್ಪುವುದಿಲ್ಲ.

ಮೂರನೆಯ ಕಲ್ಪನೆ ಅಲೆ. ಗೌರಿಬಿದನೂರು ಲೋಕಕ್ಕೆ ಪರಿಚಯವಾದದ್ದು ಇದರಿಂದ.

1963ರ ಅಂತಾರಾಷ್ಟ್ರೀಯ ಒಪ್ಪಂದವು ಗಾಳಿಯಲ್ಲಿ, ನೀರಿನಡಿಯಲ್ಲಿ, ಬಾಹ್ಯಾಕಾಶದಲ್ಲಿ ಅಣ್ವಸ್ತ್ರ ಪರೀಕ್ಷೆಗಳನ್ನು ನಿಷೇಧಿಸಿತು. ನೆಲದಡಿಯ ಪರೀಕ್ಷೆ ಮಾತ್ರ ಹೊರಗುಳಿಯಿತು. ಅದನ್ನು ದೂರದಿಂದಲೇ ಪತ್ತೆ ಹಚ್ಚುವ ಕೆಲಸಕ್ಕಾಗಿ ಬ್ರಿಟನ್ನಿನ ನೆರವಿನಲ್ಲಿ ಕಟ್ಟಿದ ಕಂಪನಮಾಪಕ ವ್ಯೂಹಗಳಲ್ಲಿ ಒಂದು ಸ್ಕಾಟ್ಲೆಂಡಿನಲ್ಲಿ, ಒಂದು ಕೆನಡಾದಲ್ಲಿ, ಒಂದು ಆಸ್ಟ್ರೇಲಿಯಾದಲ್ಲಿ, ಇನ್ನೊಂದು 1965ರಲ್ಲಿ ಗೌರಿಬಿದನೂರಿನಲ್ಲಿ. ಇದು ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದೆ. ಇಲ್ಲಿಯ ಬಂಡೆ ಬಹು ಪುರಾತನ, ಗಟ್ಟಿ, ಕಡಲು ದೂರ. ಹಾಗಾಗಿ ನೆಲದ ಸ್ವಂತ ಗದ್ದಲ ಕಡಿಮೆ. ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಎರಡು ತೋಳುಗಳಲ್ಲಿ 20 ಕಂಪನಮಾಪಕಗಳನ್ನು ಹೂಳಲಾಯಿತು.

ಒಂದೇ ಯಂತ್ರ ಸಾಲದೆ ಇಪ್ಪತ್ತು ಏಕೆ? ದೂರದ ಕಂಪನದ ಅಲೆ ವ್ಯೂಹದ ಒಂದು ತುದಿಯನ್ನು ಮೊದಲು ಮುಟ್ಟುತ್ತದೆ, ಇನ್ನೊಂದನ್ನು ತುಸು ಹೊತ್ತಿನ ಬಳಿಕ. ಈ ಅಂತರದಿಂದ ಅಲೆ ಬಂದ ದಿಕ್ಕು ತಿಳಿಯುತ್ತದೆ. ಅಂತರವನ್ನು ಸರಿಪಡಿಸಿ ಇಪ್ಪತ್ತೂ ದಾಖಲೆಗಳನ್ನು ಕೂಡಿದರೆ ಅಲೆ ಇಪ್ಪತ್ತು ಪಟ್ಟು ಬಲಿಯುತ್ತದೆ. ಲಾರಿ, ಗಾಳಿ, ಪಂಪುಗಳ ಗದ್ದಲ ಒಂದೊಂದು ಕಡೆ ಒಂದೊಂದು ಬಗೆಯಾದ್ದರಿಂದ ಇಪ್ಪತ್ತರ ವರ್ಗಮೂಲದಷ್ಟು, ಅಂದರೆ ನಾಲ್ಕೂವರೆ ಪಟ್ಟು ಮಾತ್ರ ಬೆಳೆಯುತ್ತದೆ. ಬೇಕಾದ ದನಿ ಹೀಗೆ ಗದ್ದಲದಿಂದ ಮೇಲೇಳುತ್ತದೆ. ಭೂಕಂಪದಲ್ಲಿ ಬಂಡೆ ಜಾರುವುದರಿಂದ ಮೊದಲ ಅಲೆ ಕೆಲವು ದಿಕ್ಕಿಗೆ ತಳ್ಳುತ್ತದೆ, ಕೆಲವು ದಿಕ್ಕಿನಿಂದ ಎಳೆಯುತ್ತದೆ. ಸ್ಫೋಟವಾದರೆ ಎಲ್ಲ ದಿಕ್ಕಿಗೂ ತಳ್ಳುತ್ತದೆ. ಈ ವ್ಯತ್ಯಾಸವೂ ಎರಡನ್ನು ಬೇರೆ ಮಾಡಲು ನೆರವಾಗುತ್ತದೆ. ಇದರಲ್ಲಿ ಕ್ವಾಂಟಮ್ ಎಂಬುದರ ಸುಳಿವೇ ಬೇಕಿಲ್ಲ. ನ್ಯೂಟನ್ ಕಂಡರೂ ಒಪ್ಪಿಕೊಳ್ಳುವ ಭೌತವಿಜ್ಞಾನ.

ಅದೇ ಗೌರಿಬಿದನೂರಿನ ಹೊರವಲಯದಲ್ಲಿ 1976ರಿಂದ ರೇಡಿಯೊ ವೀಕ್ಷಣಾಲಯವಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಕೂಡಿ ಕಟ್ಟಿದ್ದು. ಗುಮ್ಮಟ, ಕನ್ನಡಿ, ಮಸೂರ ಯಾವುದೂ ಇಲ್ಲದ ದೂರದರ್ಶಕ: ಕಂಬಗಳ ಮೇಲೆ ತಂತಿಯ 1,000 ದ್ವಿಧ್ರುವ ಆಂಟೆನಾಗಳನ್ನು ‘ಟಿ’ ಅಕ್ಷರದಂತೆ ಸಾಲಾಗಿ ನಿಲ್ಲಿಸಿದರು. ಪೂರ್ವ-ಪಶ್ಚಿಮ ತೋಳು ಸುಮಾರು 1.4 ಕಿ.ಮೀ., ತೆಂಕಣ ತೋಳು ಸುಮಾರು 450 ಮೀಟರ್. ಅದು ಆಲಿಸಿದ್ದು 34.5 ಮೆಗಾಹರ್ಟ್ಸ್ ಅಲೆಯನ್ನು. ಆ ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ 8.7 ಮೀಟರ್. ಕೆರೆಗೆ ಎರಡು ಕಲ್ಲು ಎಸೆದಾಗ ಉಬ್ಬಿಗೆ ಉಬ್ಬು ಸೇರಿದಲ್ಲಿ ನೀರು ಏರುತ್ತದೆ, ಉಬ್ಬಿಗೆ ತಗ್ಗು ಸೇರಿದಲ್ಲಿ ಸುಮ್ಮನಾಗುತ್ತದೆ. ಈ ವ್ಯತಿಕರಣವೇ ಇಲ್ಲಿಯ ಮಸೂರ. ಸಾವಿರ ಆಂಟೆನಾಗಳ ಸಂಕೇತ ಕೂಡಿದಾಗ ಆಕಾಶದಲ್ಲಿ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಅಗಲದ ತುಣುಕನ್ನು ಬೇರೆಯಾಗಿ ಗುರುತಿಸಬಹುದಾಯಿತು. ಈ ತಂತಿಗಳಿಂದಲೇ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಆಕಾಶದ ಬಹುಭಾಗದ ರೇಡಿಯೊ ನಕ್ಷೆ ಪ್ರಕಟಿಸಿದರು. 1997ರಲ್ಲಿ ಸೂರ್ಯನಿಗೆಂದೇ ಇನ್ನೊಂದು ಆಂಟೆನಾ ವ್ಯೂಹ ಬಂತು. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಬಿಸಿಯಾದರೆ ಅದರ ಸುತ್ತಲಿನ ಕರೋನಾ ಹತ್ತು ಲಕ್ಷ ಡಿಗ್ರಿ ದಾಟುತ್ತದೆ. ಗ್ರಹಣಕ್ಕೆ ಕಾಯದೆ ಆ ಕರೋನಾವನ್ನು ನೋಡುವುದು ಇದರ ಕೆಲಸ.

ಬೆಳಕು, ರೇಡಿಯೊ ಎರಡೂ ವಿದ್ಯುತ್ಕಾಂತ ಅಲೆಗಳೇ. ಆದರೆ 1900ರಲ್ಲಿ ಮ್ಯಾಕ್ಸ್ ಪ್ಲಾಂಕ್, 1905ರಲ್ಲಿ ಐನ್‌ಸ್ಟೈನ್ ತೋರಿಸಿದಂತೆ ಈ ಅಲೆಗಳು ಶಕ್ತಿಯನ್ನು ಧಾರೆಯಾಗಿ ಕೊಡುವುದಿಲ್ಲ, ಕಾಳುಕಾಳಾಗಿ ಕೊಡುತ್ತವೆ. ಒಂದು ಕಾಳಿನ ಹೆಸರು ಫೋಟಾನ್. ಅದರ ಶಕ್ತಿ ಆವರ್ತಾಂಕಕ್ಕೆ ತಕ್ಕಂತೆ ಏರುತ್ತದೆ. ಗುಣಿಸುವ ಸಂಖ್ಯೆ ಪ್ಲಾಂಕ್ ನಿಯತಾಂಕ, 6.626×10⁻³⁴ ಜೌಲ್-ಸೆಕೆಂಡ್. ಈ ಸಂಖ್ಯೆ ಇಷ್ಟು ಸಣ್ಣದಾದ್ದರಿಂದಲೇ ನಿತ್ಯದ ಬದುಕಿನಲ್ಲಿ ಕಾಳು ಕಾಣದೆ ಧಾರೆ ಮಾತ್ರ ಕಾಣುತ್ತದೆ. ಹಸಿರು ಬೆಳಕಿನ ಒಂದು ಫೋಟಾನಿನ ಶಕ್ತಿ ಗೌರಿಬಿದನೂರಿನ 34.5 ಮೆಗಾಹರ್ಟ್ಸ್ ಫೋಟಾನಿನ ಸುಮಾರು ಒಂದೂವರೆ ಕೋಟಿ ಪಟ್ಟು. ಅಲ್ಲಿಯ ಆಂಟೆನಾಗಳಿಗೆ ಕಾಳುಗಳು ಲೆಕ್ಕವಿಲ್ಲದಷ್ಟು ಬರುತ್ತವೆ, ಒಂದೊಂದೂ ಅತ್ಯಲ್ಪ. ಮ್ಯಾಕ್ಸ್‌ವೆಲ್ಲನ ಅಲೆ ಸಾಕು. ಹೊಲದ ಸೌರಫಲಕಕ್ಕೆ ಸಾಲದು. ಸಿಲಿಕಾನಿನಿಂದ ಎಲೆಕ್ಟ್ರಾನನ್ನು ಬಿಡಿಸಲು ಒಂದೊಂದು ಫೋಟಾನಿಗೂ ಕನಿಷ್ಠ 1.1 ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಇರಬೇಕು. ಅದಕ್ಕಿಂತ ದುರ್ಬಲವಾದವು ಎಷ್ಟೇ ಸುರಿದರೂ ಕರೆಂಟು ಹುಟ್ಟದು. ಸೌರ ಪಂಪಿನ ಫಲಕ ನಡೆಯುವುದು ಕ್ವಾಂಟಮ್ ನಿಯಮದಂತೆ, ಅದು ಎತ್ತುವ ನೀರು ನ್ಯೂಟನ್ನನ ನಿಯಮದಂತೆ. ಎರಡೂ ಒಂದೇ ಜಗತ್ತು, ಬೇರೆಯಾಗುವುದು ಅಳತೆಯಲ್ಲಿ.

ಫೋಟಾನಿಗೆ ದೊಡ್ಡ ಸಾಕ್ಷಿಯೊಂದನ್ನು ಒದಗಿಸಿದವರು ಸಿ.ವಿ. ರಾಮನ್. ಪ್ರಯೋಗ ನಡೆದದ್ದು ಕೋಲ್ಕತ್ತದಲ್ಲಿ, 28 ಫೆಬ್ರುವರಿ 1928ರಂದು. ಅದರ ಪೂರ್ಣ ವಿವರಣೆಯನ್ನು ಅವರು ಮುಂದಿಟ್ಟದ್ದು ಮಾರ್ಚ್ 16ರಂದು, ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಅಣುಗಳಿಂದ ಚದುರುವ ಬೆಳಕಿನಲ್ಲಿ ಬಹುಪಾಲು ಬಣ್ಣ ಬದಲಿಸದು. ಸರಿಸುಮಾರು ಕೋಟಿಗೊಂದು ಫೋಟಾನ್ ಮಾತ್ರ ಅಣುವಿಗೆ ನಿಗದಿತ ಪ್ರಮಾಣದ ಶಕ್ತಿ ಕೊಟ್ಟು ಬೇರೆ ಬಣ್ಣ ತಳೆಯುತ್ತದೆ. ಕೊಡುವ ಆ ಪ್ರಮಾಣ ಅಣುವಿನಿಂದ ಅಣುವಿಗೆ ಬೇರೆ, ಆದ್ದರಿಂದ ಅದು ವಸ್ತುವಿನ ಗುರುತು. 1930ರ ನೊಬೆಲ್ ಬಂದದ್ದು ಇದಕ್ಕೆ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯಕ್ಕೆ ಕೈಜೋಡಿಸಿದ್ದು.

ಬೆಳಕಿಗೆ ಕಣದ ಗುಣ ಇದ್ದಂತೆ ಎಲೆಕ್ಟ್ರಾನಿನಂಥ ಕಣಗಳಿಗೂ ಅಲೆಯ ಗುಣ ಇದೆ ಎಂದು 1924ರಲ್ಲಿ ಡಿ ಬ್ರಾಯ್ ಹೇಳಿದರು. 1926ರಲ್ಲಿ ಶ್ರೋಡಿಂಗರ್ ಆ ಅಲೆಗೆ ಸಮೀಕರಣ ಕೊಟ್ಟರು. ಅಲೆ ಸೂಚಿಸುವುದು ಕಣ ಸಿಗುವ ಸಂಭವನೀಯತೆಯನ್ನು ಎಂದು ಮ್ಯಾಕ್ಸ್ ಬಾರ್ನ್ ವಿವರಿಸಿದರು. ಸ್ಥಾನ, ಸಂವೇಗ ಎರಡನ್ನೂ ಒಟ್ಟಿಗೆ ನಿಖರವಾಗಿ ತಿಳಿಯಲಾಗದೆಂಬ ಹೈಸನ್‌ಬರ್ಗರ ತತ್ವ 1927ರದು. ನ್ಯೂಟನ್ನನ ನಿಶ್ಚಿತತೆಯ ಜಾಗದಲ್ಲಿ ಸಂಭವ ಬಂದು ಕೂತಿತು.

ಈ ಸಂಭವದ ಲೆಕ್ಕ ಹಿಡಿದು ಮನುಷ್ಯರು ಕೋಲಾರದ ನೆಲದಾಳಕ್ಕೆ ಇಳಿದರು. ವಿಶ್ವಕಿರಣಗಳು ಗಾಳಿಗೆ ಬಡಿದಾಗ ಹುಟ್ಟುವ ಮ್ಯೂಯಾನ್ ಎಂಬ ಕಣಗಳು ನೆಲದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತವೆ. ಒಂದು ಮ್ಯೂಯಾನಿನ ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್; ಇಂಥದ್ದೇ ಮ್ಯೂಯಾನ್ ಇಂಥ ಕ್ಷಣ ಅಳಿಯುತ್ತದೆಂದು ಹೇಳಲು ಯಾವ ನಿಯಮಕ್ಕೂ ಆಗದು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಮೊದಲಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪರವಾಗಿ ಕೆಜಿಎಫ್ ಗಣಿಯಲ್ಲಿ ಮ್ಯೂಯಾನ್‌ಗಳನ್ನು ಅಳೆದರು. ಆಳಕ್ಕೆ ಹೋದಂತೆ ಅವು ಬೇಗಬೇಗ ವಿರಳವಾದವು. ಅಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೊ ಹಿಡಿಯಬಹುದೆಂಬ ಆಸೆ ಮೂಡಿತು.

ನ್ಯೂಟ್ರಿನೊವನ್ನು 1930ರಲ್ಲಿ ಪೌಲಿ ಊಹಿಸಿದ್ದರು. ಭೂಮಿಯನ್ನೇ ತೂರಿ ಹೋಗುವ ಈ ಕಣ ಅಪರೂಪಕ್ಕೊಮ್ಮೆ ಬಂಡೆಯ ಪರಮಾಣುವಿಗೆ ತಾಗಿ ಮ್ಯೂಯಾನ್ ಹುಟ್ಟಿಸುತ್ತದೆ. ಗಾಳಿಯಿಂದ ಇಳಿಯುವ ಮ್ಯೂಯಾನ್ ಆ ಆಳದಲ್ಲಿ ಮೇಲಿನಿಂದಷ್ಟೇ ಬರಬಲ್ಲದು. ಅಡ್ಡಡ್ಡ ಬಂದರೆ ಅದು ನ್ಯೂಟ್ರಿನೊ ಬಿಟ್ಟ ಹೆಜ್ಜೆ. ಈ ಯುಕ್ತಿಯಿಂದ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿ.ಮೀ. ಕೆಳಗೆ ಉಪಕರಣಗಳನ್ನು ನಿಲ್ಲಿಸಿದರು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ಅದು. ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್ ಅದರ ಮುಂದಾಳುಗಳಲ್ಲಿ ಒಬ್ಬರು. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯಲ್ಲೂ ಸಿಕ್ಕಿತು, ಆದರೆ ಮೊದಲು ಪ್ರಕಟಿಸಿದ್ದು ಕೋಲಾರದ ತಂಡ. 1998ರಲ್ಲಿ ಜಪಾನಿನ ಸೂಪರ್-ಕಾಮಿಯೊಕಾಂಡೆ ಪ್ರಯೋಗವು ಇಂಥ ನ್ಯೂಟ್ರಿನೊಗಳೇ ಹಾದಿಯಲ್ಲಿ ಜಾತಿ ಬದಲಿಸುತ್ತವೆಂದು ತೋರಿಸಿತು. ಒಂದೇ ಕಣ ಹಲವು ಸ್ಥಿತಿಗಳ ಮಿಶ್ರಣವಾಗಿರಬಲ್ಲದು ಎಂಬ ಕ್ವಾಂಟಮ್ ಕಲ್ಪನೆಗೆ ಅದಕ್ಕಿಂತ ಭವ್ಯ ನಿದರ್ಶನ ಸಿಗುವುದು ಕಷ್ಟ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಆ ಆಳದಲ್ಲಿ ನೀರು ತುಂಬಿತು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಅಮೆರಿಕದ ಒಹಾಯೊದಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದ ಎಚ್. ನರಸಿಂಹಯ್ಯ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿ ಇಂಥ ವಿಷಯಗಳನ್ನು ಜನರೆದುರು ತಂದರು. ಅವರ ಸೀಮೆಯ ಭೌತವಿಜ್ಞಾನದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಅಲೆಗಳ ಪಾಠಕ್ಕೆ ಬಂದಾಗ ಗೌರಿಬಿದನೂರಿನ ಹೆಸರು, ಮೂಲಕಣಗಳ ಪಾಠಕ್ಕೆ ಬಂದಾಗ ಚಾಂಪಿಯನ್ ರೀಫಿನ ಹೆಸರು ಮಕ್ಕಳಿಗೆ ಹೇಳಿ.