ಒಡೆತನ ಎಲ್ಲರದು, ಬಳಕೆ ಒಬ್ಬರದು: ಪಾರ್ಕಿಂಗ್ ಮತ್ತು ಟೆರೇಸ್ ಕುರಿತು ಒಂದು ಟಿಪ್ಪಣಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಕ್ರಯಪತ್ರಗಳಲ್ಲಿ ಸಾಮಾನ್ಯವಾಗಿ ‘ಎ’ ಷೆಡ್ಯೂಲಿನಲ್ಲಿ ಇಡೀ ಜಮೀನು, ‘ಬಿ’ಯಲ್ಲಿ ಅದರ ಅವಿಭಜಿತ ಪಾಲು, ‘ಸಿ’ಯಲ್ಲಿ ಮನೆಯ ವಿವರ ಇರುತ್ತದೆ. ‘ಸಿ’ಯ ಕೊನೆಗೆ ‘ಒಂದು ಕಾರ್ ಪಾರ್ಕಿಂಗ್ ಸಹಿತ’ ಎಂದು ಸೇರಿಸಿರುತ್ತಾರೆ. ಕೊಂಡವರು ಆ ಜಾಗವೂ ತಮ್ಮ ಸ್ವತ್ತೆಂದೇ ತಿಳಿಯುತ್ತಾರೆ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ನಿಲುವು ಬೇರೆ. ಅದರ 3ನೇ ಸೆಕ್ಷನ್ ತಳಪಾಯ, ಕಂಬ, ಛಾವಣಿ, ಮೆಟ್ಟಿಲು, ನೆಲಮಾಳಿಗೆ, ತೋಟಗಳ ಜೊತೆಗೆ ಪಾರ್ಕಿಂಗ್ ಜಾಗವನ್ನೂ ಸಾಮಾನ್ಯ ಪ್ರದೇಶವೆಂದೇ ಎಣಿಸುತ್ತದೆ. ಇದರಲ್ಲಿ ಪ್ರತಿ ಮನೆಯ ಪಾಲು ಎಷ್ಟೆಂಬುದು ಆಯಾ ಮನೆಯ ಮೌಲ್ಯದ ಮೇಲೆ ನಿಂತಿದೆ. 6ನೇ ಸೆಕ್ಷನ್ ಪ್ರಕಾರ ಆ ಶೇಕಡಾ ಪ್ರಮಾಣವನ್ನು ಎಲ್ಲ ಮಾಲೀಕರ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಪಾಲನ್ನು ಮನೆಯಿಂದ ಬೇರ್ಪಡಿಸುವಂತೆಯೂ ಇಲ್ಲ. ‘ಸೀಮಿತ ಸಾಮಾನ್ಯ ಪ್ರದೇಶ’ ಎಂಬ ಇನ್ನೊಂದು ವರ್ಗವೂ ಕಾಯ್ದೆಯಲ್ಲಿದೆ: ಉಳಿದವರನ್ನು ಹೊರಗಿಟ್ಟು ಕೆಲವು ಮನೆಗಳಿಗಷ್ಟೇ ಮೀಸಲಾದದ್ದು. ಮೀಸಲಾದ ಮಾತ್ರಕ್ಕೆ ಅದು ಸಾಮಾನ್ಯ ಪ್ರದೇಶವಲ್ಲವೆಂದಾಗದು.

ತೊಡಕಿರುವುದು ಸಾಮಾನ್ಯ ಪ್ರದೇಶದ ವ್ಯಾಖ್ಯೆಯ ಆರಂಭದಲ್ಲೇ. ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರದಲ್ಲಿ ಬೇರೆ ರೀತಿ ಹೇಳಿರದಿದ್ದರೆ ಮಾತ್ರ ಈ ಪಟ್ಟಿ ಅನ್ವಯ. ಆ ಪತ್ರ ಬರೆಸುವವರು ಹೆಚ್ಚಾಗಿ ಬಿಲ್ಡರುಗಳೇ. ಹಾಗಾಗಿ ಕ್ರಯಪತ್ರವನ್ನಷ್ಟೇ ಓದಿ ಹಕ್ಕು ನಿರ್ಧರಿಸುವ ರೂಢಿ ಸಾಲದು.

ಇಂಥ ವಾದಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ನಹಲ್‌ಚಂದ್ ಲಾಲೂಚಂದ್ ಪ್ರಕರಣ. ಮುಂಬೈನ ದಹಿಸರ್‌ನ ಈ ವ್ಯಾಜ್ಯದಲ್ಲಿ ಸ್ಟಿಲ್ಟ್ ಪಾರ್ಕಿಂಗ್ (ಕಟ್ಟಡದಡಿ ಕಂಬಗಳ ನಡುವಿನ ಜಾಗ) ಎಂದರೆ ಗ್ಯಾರೇಜ್, ಗ್ಯಾರೇಜ್ ಕಾನೂನಿನಲ್ಲಿ ಫ್ಲಾಟ್‌ನೊಳಗೆ ಬರುತ್ತದೆ, ಆದ್ದರಿಂದ ಮಾರಬಹುದು ಎಂಬುದು ಬಿಲ್ಡರ್ ವಾದವಾಗಿತ್ತು. ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2010ರಲ್ಲಿ ಇದನ್ನು ತಳ್ಳಿಹಾಕಿತು. ಆದರೆ ತೀರ್ಪು ನಿಂತಿರುವುದು ಮಹಾರಾಷ್ಟ್ರದ 1963ರ ಕಾಯ್ದೆಯ ಮೇಲೆ. ಅದನ್ನು ಕರ್ನಾಟಕಕ್ಕೆ ಇದ್ದ ಹಾಗೇ ತಂದು ಅಂಟಿಸುವುದು ಅವಸರದ ಕೆಲಸ. ನಮ್ಮ ಕಾಯ್ದೆಯ ಪಟ್ಟಿಯೇ ಹೆಚ್ಚು ಗಟ್ಟಿಯಾದ ಆಧಾರ.

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ತೆರೆದ ಪಾರ್ಕಿಂಗನ್ನು ಸಾಮಾನ್ಯ ಪ್ರದೇಶಕ್ಕೆ ಸೇರಿಸಿತು. ಗ್ಯಾರೇಜ್ ಅನ್ನಿಸಿಕೊಳ್ಳಲು ಚಾವಣಿಯ ಜೊತೆಗೆ ಮೂರು ಕಡೆ ಗೋಡೆಯೂ ಬೇಕೆಂದಿತು. ಕಂಬಗಳ ನಡುವಿನ ಸ್ಟಿಲ್ಟ್‌ಗೆ ಚಾವಣಿಯಿದೆ, ಗೋಡೆಯಿಲ್ಲ; ಅದು ಗ್ಯಾರೇಜಂತೂ ಅಲ್ಲ, ಪೂರ್ತಿ ತೆರೆದ ಜಾಗವೂ ಅಲ್ಲ. ವ್ಯಾಜ್ಯ ಹುಟ್ಟುವುದು ಇಂಥ ಸಂದಿಯಲ್ಲೇ.

ಟೆರೇಸಿನ ವಿಷಯದಲ್ಲಿ ರೇರಾ ಇನ್ನಷ್ಟು ಕುತೂಹಲಕರ. 2ನೇ ಸೆಕ್ಷನ್ನಿನ ಒಂದು ಖಂಡ ಟೆರೇಸುಗಳನ್ನು ಸಾಮಾನ್ಯ ಪ್ರದೇಶವೆನ್ನುತ್ತದೆ. ಅದೇ ಸೆಕ್ಷನ್ನಿನ ಇನ್ನೊಂದು ಖಂಡ ಕಾರ್ಪೆಟ್ ವಿಸ್ತೀರ್ಣ ಲೆಕ್ಕ ಹಾಕುವಾಗ, ಒಂದೇ ಮನೆಯವರ ಬಳಕೆಗಿರುವ ತೆರೆದ ಟೆರೇಸನ್ನು ಹೊರಗಿಡುತ್ತದೆ. ಮೇಲಂತಸ್ತಿನ ಮನೆ ಮಾರುವವರಿಗೆ ಈ ಎರಡನೆಯದು ಅನುಕೂಲ. ಆದರೆ ಅಲ್ಲಿರುವುದು ಬಳಕೆಯ ಮಾತು, ಅದೂ ಅಳತೆಯ ಸಲುವಾಗಿ. ಅದರಿಂದ ಒಡೆತನವನ್ನು ಊಹಿಸಿಕೊಳ್ಳಲು ಪಠ್ಯದಲ್ಲಿ ಆಸ್ಪದ ಕಾಣುವುದಿಲ್ಲ.